ಬೆಳ್ಳಂದೂರಿನ ರಾಂಗ್ ಸೈಡ್: ಒಬ್ಬ ಸೈಕಲ್ ಸವಾರರ ಪ್ರಕರಣ

ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಕಾರು ಓಡಿಸುವ ಯಾರನ್ನೇ ಕೇಳಿ, ಸೈಕಲ್‌ನವರ ಮೇಲೆ ಒಂದು ದೂರು ಇದ್ದೇ ಇರುತ್ತದೆ: ರಾಂಗ್ ಸೈಡಿನಲ್ಲಿ ಬರುತ್ತಾರೆ. ದೂರು ನಿಜ. ಬೆಳಿಗ್ಗೆ ಏಳೂವರೆ ಹೊತ್ತಿಗೆ ಬೆಳ್ಳಂದೂರಿನ ಸರ್ವೀಸ್ ರೋಡಿನಲ್ಲಿ ನಿಂತು ನೋಡಿ. ಸೆಕ್ಯೂರಿಟಿಯವರು, ಹೌಸ್‌ಕೀಪಿಂಗ್‌ನವರು, ಗಿಡಕ್ಕೆ ನೀರು ಹಾಕುವವರು, ಕ್ಯಾಂಟೀನಿನ ಹುಡುಗರು ಒಬ್ಬರ ಹಿಂದೆ ಒಬ್ಬರು ಗಾಡಿಗಳಿಗೆ ಎದುರಾಗಿಯೇ ಪೆಡಲ್ ಹೊಡೆಯುತ್ತಾ ಬರುತ್ತಾರೆ. ಇವರಿಗೆ ರೂಲ್ಸ್ ಗೊತ್ತಿಲ್ಲ, ಶಿಸ್ತಿಲ್ಲ ಅಂತ ಹೇಳಿ ಮಾತು ಮುಗಿಸುವವರೇ ಜಾಸ್ತಿ. ನಮ್ಮ ಟೆಕ್ ಪಾರ್ಕಿನ ಗೇಟಿನಲ್ಲಿ ಕೆಲಸ ಮಾಡುವ ಒಬ್ಬರ ವಿಷಯವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಅವರು ದಿನಾ ರಾಂಗ್ ಸೈಡಿನಲ್ಲೇ ಬರುತ್ತಿದ್ದರು. ನಾನು ಕಂಡ ಅತ್ಯಂತ ಎಚ್ಚರಿಕೆಯ ಮನುಷ್ಯರಲ್ಲಿ ಅವರೂ ಒಬ್ಬರು. ಈ ಎರಡೂ ಒಟ್ಟಿಗೆ ಹೇಗೆ ನಿಜ ಆಗುತ್ತದೆ ಅನ್ನುವುದೇ ಈ ಪ್ರಕರಣ.

ಅವರ ಹೆಸರು ಬೇಡ. ನಾವೆಲ್ಲ ಅಣ್ಣ ಅಂತಲೇ ಕರೆಯುತ್ತೇವೆ. ಯಾದಗಿರಿ ಕಡೆಯವರು. ಬೆಳ್ಳಂದೂರು ಊರೊಳಗೆ ಒಂದು ರೂಮು ಮಾಡಿಕೊಂಡು ಹೆಂಡತಿ ಜೊತೆ ಇದ್ದಾರೆ. ಡ್ಯೂಟಿ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ, ಪೂರ್ತಿ ನಿಂತೇ ಮಾಡುವ ಕೆಲಸ. ಅವರ ಹೆಂಡತಿ ಅಪಾರ್ಟ್‌ಮೆಂಟ್ ಒಂದರಲ್ಲಿ ಮನೆಗೆಲಸಕ್ಕೆ ಹೋಗುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರಿಗೆ ಬಸ್ಸು ಫ್ರೀ. ಅಣ್ಣನಿಗೆ ಬಸ್ಸಿಗೆ ದುಡ್ಡು ಕೊಡಬೇಕು, ಮೇಲೆ ಸ್ಟಾಪಿನವರೆಗೆ ನಡೆಯಬೇಕು, ಬಸ್ಸು ಜಾಮಿನಲ್ಲಿ ಸಿಕ್ಕಿಕೊಂಡರೆ ಹಾಜರಿ ಹೋಗುತ್ತದೆ. ಹಾಗಾಗಿ ಸೈಕಲ್. ಹಳೇ ಕಪ್ಪು ಗಂಡಸರ ಸೈಕಲ್, ಕ್ಯಾರಿಯರಿಗೆ ರಬ್ಬರ್ ಟ್ಯೂಬಿನಿಂದ ಬಿಗಿದ ಬುತ್ತಿ, ಹ್ಯಾಂಡಲಿಗೆ ನೇತುಹಾಕಿದ ಯೂನಿಫಾರ್ಮಿನ ಕವರ್. ಹೆಲ್ಮೆಟ್ ಇಲ್ಲ, ಲೈಟೂ ಇಲ್ಲ.

ನಾನೂ ಸೈಕಲ್‌ನಲ್ಲೇ ಬರುವವಳು, ಎಚ್‌ಎಸ್‌ಆರ್ ಲೇಔಟಿನಿಂದ. ನನ್ನದು ಗೇರ್ ಸೈಕಲ್, ಹಿಂದೆ ಮುಂದೆ ಲೈಟು, ಆಫೀಸಿನಲ್ಲಿ ಸ್ನಾನಕ್ಕೆ ಜಾಗ. ಮಳೆ ಜೋರಾದರೆ ಕ್ಯಾಬ್ ಬುಕ್ ಮಾಡುತ್ತೇನೆ. ಸೈಕಲ್ ಬಗ್ಗೆ ಈ ಊರಿನಲ್ಲಿ ನಡೆಯುವ ಮಾತೆಲ್ಲ ನನ್ನಂಥವರ ಸುತ್ತಲೇ ಸುತ್ತುತ್ತದೆ. ಅಣ್ಣನಿಗೆ ಮಳೆ ಬಂದರೂ ಸೈಕಲ್ಲೇ.

ಅವರ ದಾರಿ

ರಿಂಗ್ ರೋಡನ್ನು ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಹಂತಹಂತವಾಗಿ ಕಟ್ಟಿ 2002ರ ಹೊತ್ತಿಗೆ ಮುಗಿಸಿತು. ಲಾರಿಗಳು ಊರೊಳಗೆ ಬರದೆ ಹೊರಗಿನಿಂದಲೇ ಸುತ್ತಿಕೊಂಡು ಹೋಗಲಿ ಅನ್ನುವುದು ಆಗಿನ ಲೆಕ್ಕ. ಆಮೇಲೆ ಸಿಲ್ಕ್ ಬೋರ್ಡಿನಿಂದ ಕೆ.ಆರ್.ಪುರದವರೆಗೆ ರಸ್ತೆಯ ಎರಡೂ ಬದಿಗೆ ಟೆಕ್ ಪಾರ್ಕುಗಳು ಎದ್ದವು. ಇಬ್ಬಲೂರು, ಬೆಳ್ಳಂದೂರು, ದೇವರಬೀಸನಹಳ್ಳಿ, ಕಾಡುಬೀಸನಹಳ್ಳಿ ಎಲ್ಲ ಮೊದಲು ಒಂದಕ್ಕೊಂದು ಅಂಟಿಕೊಂಡಿದ್ದ ಹಳ್ಳಿಗಳು. ಈಗ ಅವುಗಳ ನಡುವೆ ಮೇನ್ ರೋಡು, ಅದರ ಎರಡೂ ಕಡೆ ಸರ್ವೀಸ್ ರೋಡು, ಮಧ್ಯೆ ಡಿವೈಡರ್. ದಾಟಬೇಕು ಅಂದರೆ ಫ್ಲೈಓವರ್ ಕೆಳಗೆ ಯೂ ಟರ್ನ್, ಇಲ್ಲವೇ ಸ್ಕೈವಾಕ್. ಸ್ಕೈವಾಕಿನ ಮೆಟ್ಟಿಲ ಮೇಲೆ ಆ ತೂಕದ ಸೈಕಲನ್ನು ಹೊತ್ತುಕೊಂಡು ಹತ್ತಲು ಆಗುವುದಿಲ್ಲ.

ಅಣ್ಣನ ರೂಮು ಇರುವುದೂ ನಮ್ಮ ಟೆಕ್ ಪಾರ್ಕ್ ಇರುವುದೂ ರಸ್ತೆಯ ಒಂದೇ ಬದಿಯಲ್ಲಿ. ಆದರೆ ಆ ಬದಿಯಲ್ಲಿ ಗಾಡಿಗಳು ಓಡುವುದು ಮಾರತ್‌ಹಳ್ಳಿಯಿಂದ ಸಿಲ್ಕ್ ಬೋರ್ಡ್ ಕಡೆಗೆ. ಅಣ್ಣ ಹೋಗಬೇಕಾದ್ದು ಅದಕ್ಕೆ ಉಲ್ಟಾ, ದೇವರಬೀಸನಹಳ್ಳಿ ಕಡೆಗೆ. ನೇರ ಹೋದರೆ ಹತ್ತು ನಿಮಿಷದ ದಾರಿ. ರೂಲ್ಸ್ ಪ್ರಕಾರ ಹೋಗಬೇಕಾದರೆ ಮೊದಲು ಇಬ್ಬಲೂರು ಕಡೆಗೆ, ಅಂದರೆ ಆಫೀಸಿಗೆ ಬೆನ್ನು ಹಾಕಿ ಹೊರಡಬೇಕು. ಅಲ್ಲಿ ಯೂ ಟರ್ನ್ ತೆಗೆದುಕೊಂಡು ಎದುರು ಬದಿಗೆ ಬರಬೇಕು. ತನ್ನ ಮನೆಯನ್ನು ದಾಟಿಕೊಂಡು, ಕೆಲಸದ ಜಾಗವನ್ನೂ ದಾಟಿಕೊಂಡು ಮುಂದಿನ ಫ್ಲೈಓವರ್ ತನಕ ಹೋಗಬೇಕು. ಅದರ ಕೆಳಗೆ ಇನ್ನೊಂದು ಯೂ ಟರ್ನ್, ಅಲ್ಲಿಂದ ವಾಪಸ್ ಗೇಟಿಗೆ. ದಾರಿ ಮೂರು ಪಟ್ಟಿಗೂ ಜಾಸ್ತಿ ಆಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಡೀ ರಸ್ತೆಯಲ್ಲಿ ಸೈಕಲ್‌ನವರಿಗೆ ಅತಿ ಹೆಚ್ಚು ಭಯ ಇರುವ ಜಾಗಗಳೇ ಆ ಎರಡು ಯೂ ಟರ್ನ್‌ಗಳು. ಯೂ ಟರ್ನ್ ತೆಗೆದುಕೊಳ್ಳಬೇಕಾದರೆ ಎಡ ಅಂಚಿನಿಂದ ಬಲ ಅಂಚಿಗೆ, ಬಸ್ಸು, ಟ್ಯಾಂಕರು, ಕ್ಯಾಬುಗಳ ನಡುವೆ ಅಡ್ಡ ಹಾಯಬೇಕು. ಗೇರ್ ಸೈಕಲ್ ಇರುವ ನನಗೇ ಅಲ್ಲಿ ಕೈ ತೋರಿಸಿ ನುಗ್ಗಲು ಧೈರ್ಯ ಸಾಲುವುದಿಲ್ಲ. ಇಳಿದು ತಳ್ಳಿಕೊಂಡು ಹೋಗುತ್ತೇನೆ.

ಸುತ್ತಿ ಯಾಕೆ ಬರುವುದಿಲ್ಲ ಅಂತ ಒಮ್ಮೆ ಕೇಳಿದೆ.

"ಮೇಡಂ, ಸುತ್ತಿ ಬಂದ್ರ ಡ್ಯೂಟಿಗೆ ಲೇಟ್ ಆಗ್ತದರಿ. ಮತ್ತ ಎದುರಿಗೆ ಬರೂ ಗಾಡಿ ಕಣ್ಣಿಗೆ ಕಾಣ್ತದ. ಹಿಂದಿನಿಂದ ಬರೂದು ಕಾಣೂದಿಲ್ಲ."

ಈ ಮಾತಿನಲ್ಲಿ ತೂಕ ಇದೆ. ಕನ್ನಡಿ ಇಲ್ಲದ ಸೈಕಲ್ಲು, ಹಿಂದಿನಿಂದ ಹಾರ್ನ್ ಹೊಡೆಯುತ್ತಾ ಬರುವ ಟೆಂಪೋ ಟ್ರಾವೆಲರ್. ಕಾಣದ ಅಪಾಯಕ್ಕಿಂತ ಕಾಣುವ ಅಪಾಯ ವಾಸಿ ಅಂತ ಮನಸ್ಸು ಆರಿಸಿಕೊಳ್ಳುತ್ತದೆ. ನಡೆದು ಹೋಗುವವರಿಗೆ, ಫುಟ್‌ಪಾತ್ ಇಲ್ಲದ ಕಡೆ ಗಾಡಿಗಳಿಗೆ ಎದುರಾಗಿ ನಡೆಯಿರಿ ಅಂತಲೇ ಹೇಳುತ್ತಾರಲ್ವಾ. ಅದೇ ಲೆಕ್ಕವನ್ನು ಅಣ್ಣ ಸೈಕಲ್ಲಿಗೂ ಹಾಕಿಕೊಂಡಿದ್ದರು. ಆ ಲೆಕ್ಕ ತಪ್ಪುವುದು ಒಂದೇ ಥರದ ಜಾಗದಲ್ಲಿ. ಅದನ್ನು ಮುಂದೆ ಹೇಳುತ್ತೇನೆ.

ಬೊಲಾರ್ಡ್ ಇದ್ದ ಕಾಲ

2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸ್ಮಾರ್ಟ್ ಸಿಟಿ ಮಿಷನ್ ಅಡಿಯಲ್ಲಿ 'ಇಂಡಿಯಾ ಸೈಕಲ್ಸ್ ಫಾರ್ ಚೇಂಜ್' ಅನ್ನುವ ಸ್ಪರ್ಧೆ ಶುರು ಮಾಡಿತು. ಕೊರೊನಾ ಕಾಲ, ಬಸ್ಸು ಹತ್ತಲು ಜನ ಹೆದರುತ್ತಿದ್ದರು. ಬೆಂಗಳೂರಿನಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ, ಅಂದರೆ ಡಲ್ಟ್, ಸಿಲ್ಕ್ ಬೋರ್ಡಿನಿಂದ ಕೆ.ಆರ್.ಪುರ ಕಡೆಯ ಲೌರಿ ಜಂಕ್ಷನ್ನಿನವರೆಗೆ 17 ಕಿಲೋಮೀಟರ್ ಉದ್ದಕ್ಕೆ ತಾತ್ಕಾಲಿಕ ಸೈಕಲ್ ಲೇನ್ ಮಾಡಲು ಹೊರಟಿತು. ಅದಕ್ಕೆ ಮುಂಚೆ 2019ರಲ್ಲಿ ಇದೇ ರಸ್ತೆಯಲ್ಲಿ ಬಿಎಂಟಿಸಿ ಬಸ್ಸುಗಳಿಗೆ ಅಂತಲೇ ಪ್ರತ್ಯೇಕ ಲೇನ್ ಬಂದಿತ್ತು. ಸೈಕಲ್ಲಿಗೂ ಹಾಗೆಯೇ ಬೊಲಾರ್ಡ್, ಅಂದರೆ ಗಿಡ್ಡ ಕಂಬಗಳನ್ನು ನೆಟ್ಟು, ಬಣ್ಣ ಬಳಿದು ಜಾಗ ಬಿಡಿಸಿದರು.

ಅಣ್ಣ ಬೆಂಗಳೂರಿಗೆ ಬಂದು ಆಗ ಹೆಚ್ಚು ದಿನ ಆಗಿರಲಿಲ್ಲ. ಆ ಲೇನ್ ಬಗ್ಗೆ ಈಗಲೂ ಮಾತಾಡುತ್ತಾರೆ. ಅವರು ಅದರಲ್ಲೂ ಉಲ್ಟಾ ದಿಕ್ಕಿನಲ್ಲೇ ಹೋಗುತ್ತಿದ್ದರು. ಆದರೆ ಎದುರಿಗೆ ಬರುತ್ತಿದ್ದದ್ದು ಇನ್ನೊಂದು ಸೈಕಲ್. ಇಬ್ಬರೂ ಬೆಲ್ ಹೊಡೆದು ಸ್ವಲ್ಪ ಸರಿದುಕೊಂಡರೆ ಆಯಿತು. ಬೈಕಿನವರು ಲೇನಿನೊಳಗೆ ನುಗ್ಗುತ್ತಿದ್ದರು, ಆಟೋ ನಿಲ್ಲಿಸುತ್ತಿದ್ದರು, ಅದೆಲ್ಲ ಇತ್ತು. ಆದರೂ ನೂರಾರು ಮೀಟರ್ ಉದ್ದಕ್ಕೆ ಹಿಂದೆ ಮುಂದೆ ನೋಡದೆ ಪೆಡಲ್ ಹೊಡೆಯುವ ಜಾಗ ಅದೊಂದೇ ಆಗಿತ್ತು.

ಲೇನ್ ಮಾಯವಾಗುತ್ತಿದ್ದದ್ದು ಬಾಯಿಗಳಲ್ಲಿ. ಮೇನ್ ರೋಡಿನಿಂದ ಸರ್ವೀಸ್ ರೋಡಿಗೆ ಇಳಿಯುವ ಸಂದು, ಬಸ್ ಸ್ಟಾಪು, ಪೆಟ್ರೋಲ್ ಬಂಕು, ಟೆಕ್ ಪಾರ್ಕಿನ ಗೇಟು, ಫ್ಲೈಓವರ್ ಬುಡ. ಇವೆಲ್ಲ ಕಡೆ ಬೊಲಾರ್ಡ್ ನೆಡಲು ಆಗುವುದಿಲ್ಲ, ಗಾಡಿ ಹೋಗಬೇಕಲ್ಲ. ಸೈಕಲ್ಲಿಗೆ ರಕ್ಷಣೆ ಬೇಕಾದದ್ದೂ ಅಲ್ಲೇ. ಸೀದಾ ಹೋಗುವ ರಸ್ತೆಯಲ್ಲಿ ಗುದ್ದುವವರು ಕಡಿಮೆ, ತಿರುಗುವಾಗ ಗುದ್ದುವವರೇ ಜಾಸ್ತಿ. ಬಾಯಿಗಳಲ್ಲಿ ರಸ್ತೆಯನ್ನು ಸ್ವಲ್ಪ ಎತ್ತರಿಸಿದ್ದರೆ, ಅಂದರೆ ಗಾಡಿ ಉಬ್ಬು ಹತ್ತಿ ಇಳಿಯಬೇಕು, ಸೈಕಲ್ ಸಮತಟ್ಟಾಗಿ ದಾಟಬೇಕು ಅನ್ನುವ ಹಾಗೆ ಮಾಡಿದ್ದರೆ, ಡ್ರೈವರ್ ತಾನಾಗಿಯೇ ಬ್ರೇಕ್ ಹಾಕುತ್ತಿದ್ದ. ತಾತ್ಕಾಲಿಕ ಲೇನಿನಲ್ಲಿ ಅಷ್ಟು ಕೆಲಸ ಆಗಲಿಲ್ಲ.

2021ರ ಏಪ್ರಿಲ್‌ನಲ್ಲಿ ಸಿಲ್ಕ್ ಬೋರ್ಡ್–ಕೆ.ಆರ್.ಪುರ ಮೆಟ್ರೋ ಮಾರ್ಗಕ್ಕೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತು. ಅದೇ ವರ್ಷ ಜುಲೈನಲ್ಲಿ ಸೈಕಲ್ ಸ್ಪರ್ಧೆಯಲ್ಲಿ ಗೆದ್ದ 11 ನಗರಗಳ ಪಟ್ಟಿ ಬಂತು, ಅದರಲ್ಲಿ ಬೆಂಗಳೂರೂ ಇತ್ತು. ಮೆಟ್ರೋ ಕಂಬಗಳ ಕೆಲಸ ಶುರುವಾಗಿ ರಸ್ತೆ ಮಧ್ಯೆ ಬ್ಯಾರಿಕೇಡ್ ನಿಂತ ಮೇಲೆ ಬಸ್ಸಿನ ಲೇನ್ ಹೋಯಿತು, ಸೈಕಲ್ಲಿನದೂ ಹೋಯಿತು. ಕಾರುಗಳು ಕಳೆದುಕೊಂಡ ಜಾಗವನ್ನು ಅಂಚಿನಲ್ಲಿದ್ದವರಿಂದ ತುಂಬಿಸಿಕೊಂಡ ಹಾಗಾಯಿತು. ಮೆಟ್ರೋ ಬೇಡ ಅಂತ ನಾನು ಖಂಡಿತ ಹೇಳುವುದಿಲ್ಲ, ಈ ರಸ್ತೆಗೆ ಅದು ಬೇಕೇ ಬೇಕು. ಆದರೆ ಕೆಲಸ ನಡೆಯುವ ಅಷ್ಟೂ ವರ್ಷ ಸೈಕಲ್‌ನವರು ಎಲ್ಲಿ ಹೋಗಬೇಕು ಅನ್ನುವುದಕ್ಕೆ ಬ್ಯಾರಿಕೇಡಿನ ಮೇಲೆ ಒಂದು ಬಾಣದ ಗುರುತೂ ಬರಲಿಲ್ಲ. ಬೊಲಾರ್ಡ್ ಕಿತ್ತ ಜಾಗದಲ್ಲಿ ಡಾಂಬರಿನಿಂದ ಮೇಲಕ್ಕೆ ಚಾಚಿಕೊಂಡ ಬೋಲ್ಟಿನ ತುಂಡುಗಳು ಉಳಿದವು. ಮಳೆ ನೀರು ನಿಂತಾಗ ಅವು ಕಾಣುವುದಿಲ್ಲ, ಟೈರಿಗೆ ಸೀದಾ ಚುಚ್ಚಿಕೊಳ್ಳುತ್ತವೆ.

ಗುದ್ದಿದ್ದು ಎಲ್ಲಿ

ಅಣ್ಣನಿಗೆ ಪೆಟ್ಟಾಗಿದ್ದು ಲೇನ್ ಹೋದ ಮೇಲೆ, ಒಂದು ಬೆಳಿಗ್ಗೆ ಡ್ಯೂಟಿಗೆ ಬರುವಾಗ. ನಮ್ಮ ಗೇಟಿಗಿಂತ ಮುಂಚೆ ಸಿಗುವ ಒಂದು ಕಟ್ಟಡದ ಗೇಟು. ಅಲ್ಲಿಂದ ಕ್ಯಾಬ್ ಒಂದು ಸರ್ವೀಸ್ ರೋಡಿಗೆ ಎಡಕ್ಕೆ ತಿರುಗಿ ಹೊರಬರುತ್ತಿತ್ತು.

ಇದನ್ನು ನಿಧಾನವಾಗಿ ನೋಡಬೇಕು. ಒನ್ ವೇಯಲ್ಲಿ ಗೇಟಿನಿಂದ ಹೊರಬರುವ ಡ್ರೈವರಿಗೆ ಗಾಡಿಗಳು ಬರುವುದು ಬಲಗಡೆಯಿಂದ. ಅವನು ಕುತ್ತಿಗೆ ಬಲಕ್ಕೆ ತಿರುಗಿಸಿ, ಗ್ಯಾಪ್ ಸಿಗುವುದನ್ನೇ ಕಾಯುತ್ತಾನೆ. ಗ್ಯಾಪ್ ಸಿಕ್ಕ ತಕ್ಷಣ ಬಲಕ್ಕೆ ನೋಡುತ್ತಲೇ ಎಡಕ್ಕೆ ಗಾಡಿ ಎಳೆಯುತ್ತಾನೆ. ಅಣ್ಣ ಬಂದಿದ್ದು ಎಡಗಡೆಯಿಂದ. ಅವರ ಕಣ್ಣಿಗೆ ಕ್ಯಾಬ್ ಚೆನ್ನಾಗಿಯೇ ಕಾಣುತ್ತಿತ್ತು. ನಿಂತಿದೆ ಅಂತ ನಂಬಿ ಮುಂದೆ ಹೋದರು. ನನಗೆ ಕಾಣುತ್ತಿದೆ ಅಂದರೆ ಅವನಿಗೂ ನಾನು ಕಾಣುತ್ತಿದ್ದೇನೆ ಅನ್ನುವ ನಂಬಿಕೆ ಈ ಜಾಗದಲ್ಲಿ ಸುಳ್ಳಾಗುತ್ತದೆ. ಸೀದಾ ರಸ್ತೆಯಲ್ಲಿ ಕಾಪಾಡುವ ಅದೇ ಲೆಕ್ಕ ಗೇಟಿನ ಬಾಯಿಯಲ್ಲಿ ಕೈ ಕೊಡುತ್ತದೆ. ಕ್ಯಾಬಿನ ವೇಗ ಜಾಸ್ತಿ ಇರಲಿಲ್ಲ. ಬಂಪರ್ ಮುಂದಿನ ಚಕ್ರಕ್ಕೆ ತಗುಲಿ ಅಣ್ಣ ಬಲ ಭುಜದ ಮೇಲೆ ಬಿದ್ದರು. ಕಾಲರ್ ಬೋನ್ ಮುರಿಯಿತು.

ಡ್ರೈವರ್ ಇಳಿದು ಬಂದು ಎತ್ತಿ ಕೂರಿಸಿ, ತನ್ನ ಕ್ಯಾಬಿನಲ್ಲೇ ಹತ್ತಿರದ ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಹಾಸನದ ಕಡೆಯ ಹುಡುಗ, ತುಂಬಾ ನೊಂದುಕೊಂಡಿದ್ದ. ಅವನನ್ನು ಬೈಯುವುದರಿಂದ ಯಾರಿಗೂ ಏನೂ ಸಿಗುವುದಿಲ್ಲ. ಡ್ರೈವಿಂಗ್ ಕಲಿಸಿದವರು ಹೇಳಿಕೊಟ್ಟ ಕಡೆಗೇ ಅವನು ನೋಡುತ್ತಿದ್ದ.

ಸಂಬಳದ ಪ್ರಶ್ನೆ

ಆಸ್ಪತ್ರೆಯಲ್ಲಿ ಅಣ್ಣ ಮೊದಲು ಕೇಳಿದ್ದು ಡ್ಯೂಟಿ ಬಗ್ಗೆ. ಕಾಂಟ್ರ್ಯಾಕ್ಟ್ ಕೆಲಸ, ಬಂದ ದಿನಕ್ಕೆ ಮಾತ್ರ ಸಂಬಳ. ರಾಂಗ್ ಸೈಡಿನಲ್ಲಿ ಬಂದಿದ್ದಕ್ಕೆ ಪೊಲೀಸರು ತನ್ನ ಮೇಲೇ ಕೇಸ್ ಹಾಕುತ್ತಾರೆ ಅನ್ನುವ ಭಯ ಬೇರೆ. ಅದಕ್ಕೇ ಕಂಪ್ಲೇಂಟ್ ಬೇಡವೇ ಬೇಡ ಅಂದರು. ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುವವರು, ಅವರನ್ನು ಕೆಲಸಕ್ಕೆ ಇಟ್ಟುಕೊಂಡವರು ಇಬ್ಬರಿಗೂ ಗೊತ್ತಿರಬೇಕಾದ ವಿಷಯ ಇದು, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇಎಸ್‌ಐಗೆ, ಅಂದರೆ ಕಾರ್ಮಿಕರ ರಾಜ್ಯ ವಿಮಾ ಯೋಜನೆಗೆ, ಸೇರುತ್ತಾರೆ. ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸದಿಂದ ಮನೆಗೆ ಬರುವಾಗ ಆಗುವ ಅಪಘಾತವನ್ನೂ ಇಎಸ್‌ಐ ಕೆಲಸದಲ್ಲಿ ಆದ ಗಾಯ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಆ ಪ್ರಯಾಣಕ್ಕೂ ಕೆಲಸಕ್ಕೂ ಸಂಬಂಧ ಇರುವುದು ಗೊತ್ತಾದರೆ ಸಾಕು. ಸುಮ್ನೆ ಕಾಯಿಲೆ ಅಂತ ರಜೆ ಹಾಕಿದರೆ ಸಂಬಳದ ಶೇ 70ರಷ್ಟು ಸಿಗುತ್ತದೆ. ಕೆಲಸದ ಗಾಯ ಅಂತ ದಾಖಲಾದರೆ, ಕೆಲಸ ಮಾಡಲಾಗದ ಅವಧಿಗೆ ಶೇ 90. ಹೀಗೆ ದಾಖಲಾಗಬೇಕಾದರೆ ಕೆಲಸ ಕೊಟ್ಟವರು ಅಪಘಾತದ ವರದಿ ಕಳಿಸಬೇಕು. ಅಣ್ಣನ ಕಾಂಟ್ರ್ಯಾಕ್ಟರ್ ಆಫೀಸಿನಲ್ಲಿ ಮೊದಲು "ಗೇಟಿನ ಹೊರಗೆ ಆಗಿದ್ದಕ್ಕೆ ನಾವು ಜವಾಬ್ದಾರರಲ್ಲ" ಅಂದರು. ನಮ್ಮ ಎಚ್‌ಆರ್‌ನ ಗೆಳತಿಯೊಬ್ಬಳು ನಿಯಮ ತೋರಿಸಿ ಎರಡು ಸಲ ಫೋನ್ ಮಾಡಿದ ಮೇಲೆ ವರದಿ ಹೋಯಿತು, ದುಡ್ಡೂ ಬಂತು.

ಇನ್ನೊಂದು ವಿಷಯ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ ಏಳು ದಿನ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ ಇದೆ. ಅಪಘಾತದಲ್ಲಿ ಮೋಟಾರು ವಾಹನ ಇರಬೇಕು, ಗಾಯಗೊಂಡವರು ಸೈಕಲ್‌ನಲ್ಲಿದ್ದರೂ ನಡೆಯುತ್ತಿದ್ದರೂ ನಡೆಯುತ್ತದೆ. ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೆ, ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ಪರಿಹಾರ 2022ರಿಂದ ಜಾರಿಯಲ್ಲಿದೆ. ಗಾಡಿ ಸಿಕ್ಕರೆ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ರಾಂಗ್ ಸೈಡಿನಲ್ಲಿದ್ದರು ಅನ್ನುವ ಕಾರಣಕ್ಕೆ ಪರಿಹಾರದ ಮೊತ್ತ ಕಡಿಮೆ ಆಗಬಹುದು, ಹಕ್ಕೇ ಇಲ್ಲ ಅಂತ ಅಲ್ಲ. ಇದನ್ನು ಅಣ್ಣನಿಗೆ ಯಾರೂ ಹೇಳಿರಲಿಲ್ಲ. ಅವರ ಜೊತೆ ಕೆಲಸ ಮಾಡುವ ಯಾರಿಗೂ ಗೊತ್ತಿರಲಿಲ್ಲ.

ಹಿಂದಿನ ಗೇಟು

ಭುಜ ಗುಣವಾಗಿ ಅಣ್ಣ ವಾಪಸ್ ಬಂದರು, ಅದೇ ಸೈಕಲ್, ಅದೇ ದಾರಿ. ಬೇರೆ ದಾರಿ ಎಲ್ಲಿದೆ?

ಹುಡುಕಿದಾಗ ಒಂದು ಇತ್ತು. ನಮ್ಮ ಟೆಕ್ ಪಾರ್ಕಿನ ಹಿಂದೆ ಡೀಸೆಲ್ ಜನರೇಟರ್‌ಗಳ ಪಕ್ಕ ಒಂದು ಕಬ್ಬಿಣದ ಗೇಟಿದೆ. ಅದು ಹಳೇ ಊರ ದಾರಿಗೆ ತೆರೆದುಕೊಳ್ಳುತ್ತದೆ. ಲೇಔಟುಗಳ ಒಳಗಿಂದ ಸುತ್ತಿಕೊಂಡು ಬೆಳ್ಳಂದೂರಿಗೆ ಹೋಗುವ ಚಿಕ್ಕ ರಸ್ತೆ. ನೀರಿನ ಟ್ಯಾಂಕರ್‌ಗಳಿಗೆ ಮಾತ್ರ ಅಂತ ಬೀಗ ಹಾಕಿಟ್ಟಿದ್ದರು. ರಿಂಗ್ ರೋಡ್ ಮುಟ್ಟದೆಯೇ ಮನೆಯಿಂದ ಆಫೀಸು ಸೇರಬಹುದಾದ ಆ ದಾರಿ ಅಷ್ಟು ವರ್ಷ ಬೀಗದ ಹಿಂದೆ ಇತ್ತು.

ಸೈಕಲ್‌ನಲ್ಲಿ ಬರುವ ನಾವು ಕೆಲವರು ಸೇರಿ ಪಾರ್ಕ್ ಮ್ಯಾನೇಜ್‌ಮೆಂಟಿಗೆ ಪತ್ರ ಬರೆದೆವು. ಸಹಿ ಹಾಕಿದವರಲ್ಲಿ ಲ್ಯಾಪ್‌ಟಾಪ್ ಬ್ಯಾಗಿನವರೂ ಇದ್ದರು, ಹೌಸ್‌ಕೀಪಿಂಗ್ ಅಕ್ಕಂದಿರೂ ಇದ್ದರು. ಭದ್ರತೆ ಸಮಸ್ಯೆ ಅಂದರು. ಗೇಟು ಕಾಯಲು ಆಳಿಲ್ಲ ಅಂದರು. ಸಾಫ್ಟ್‌ವೇರಿನಲ್ಲಿ ಗಾಡಿ ನಂಬರ್ ಹಾಕದೆ ಪಾರ್ಕಿಂಗ್ ಪಾಸ್ ಬರುವುದಿಲ್ಲ, ಸೈಕಲ್ಲಿಗೆ ನಂಬರ್ ಪ್ಲೇಟ್ ಇಲ್ಲ ಅಂದರು. ಕೊನೆಗೆ ಪರಿಹಾರ ತೋರಿಸಿದ್ದು ಅಣ್ಣನೇ. ಒಂದು ಉದ್ದ ನೋಟ್‌ಬುಕ್ ತಂದು, ಗಾಡಿ ನಂಬರಿನ ಕಾಲಮ್ಮಿನಲ್ಲಿ 'ಸೈಕಲ್' ಅಂತ ಬರೆದು, ಪಕ್ಕದಲ್ಲಿ ಐಡಿ ಕಾರ್ಡ್ ನಂಬರ್ ಬರೆಸಿಕೊಳ್ಳುವ ಪದ್ಧತಿ ಶುರು ಮಾಡಿದರು. ಟ್ಯಾಂಕರ್ ಗೇಟಿನ ಒಂದು ರೆಕ್ಕೆ ತೆರೆದರೆ ಸೈಕಲ್ಲಿಗೆ ಸಾಕು, ಬೈಕು ಕಾರು ನುಗ್ಗದ ಹಾಗೆ ನಡುವೆ ಒಂದು ಕಂಬ. ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ತೆರೆಯಲು ಒಪ್ಪಿದರು.

ಗೇಟು ತೆರೆದ ಮೇಲೆ ಬೆಳಗಿನ ಹೊತ್ತು ಸರ್ವೀಸ್ ರೋಡಿನಲ್ಲಿ ನಮ್ಮ ಪಾರ್ಕಿನ ಕಡೆ ಬರುವ ಉಲ್ಟಾ ಸೈಕಲ್‌ಗಳು ಹೆಚ್ಚುಕಡಿಮೆ ನಿಂತೇ ಹೋದವು. ಯಾರೂ ಶಿಸ್ತಿನ ಪಾಠ ಮಾಡಲಿಲ್ಲ, ಯಾರಿಗೂ ಫೈನ್ ಹಾಕಲಿಲ್ಲ. ಸರಿಯಾದ ದಾರಿ ಹತ್ತಿರದ ದಾರಿಯೂ ಆದಾಗ ಜನ ತಾವಾಗಿಯೇ ಅದನ್ನು ಹಿಡಿದರು.

ಸಂಜೆಯ ಕಥೆ ಬೇರೆ. ಅಣ್ಣನ ಶಿಫ್ಟ್ ಮುಗಿಯುವುದು ಎಂಟಕ್ಕೆ, ಗೇಟಿಗೆ ಬೀಗ ಬೀಳುವುದು ಏಳಕ್ಕೆ. ಮನೆಗೆ ಹೋಗುವಾಗ ಗಾಡಿಗಳ ದಿಕ್ಕಿನಲ್ಲೇ ಹೋಗುವುದರಿಂದ ರಾಂಗ್ ಸೈಡ್ ಆಗುವುದಿಲ್ಲ, ಆದರೆ ಲೈಟಿಲ್ಲದ ಸೈಕಲ್‌ನಲ್ಲಿ ಕತ್ತಲೆಯಲ್ಲಿ ಸರ್ವೀಸ್ ರೋಡಿನಲ್ಲೇ ಹೋಗಬೇಕು. ನೈಟ್ ಶಿಫ್ಟಿಗೆ ಬರುವವರು ಆ ಹೊತ್ತಿಗೆ ಎದುರಿನಿಂದ ಉಲ್ಟಾ ಬರುತ್ತಿರುತ್ತಾರೆ, ಅವರ ಸೈಕಲ್ಲಿಗೂ ಲೈಟಿಲ್ಲ. ಹಿಂದಿನ ಚಕ್ರಕ್ಕೆ ಮಿನುಗುವ ಕೆಂಪು ಲೈಟನ್ನು ಆಫೀಸಿನವರು ಕೆಲವರು ದುಡ್ಡು ಹಾಕಿ ಎಲ್ಲರಿಗೂ ಕೊಡಿಸಿದೆವು. ಎದುರಿನಿಂದ ಬರುವವರಿಗೆ ಬೇಕಾದ್ದು ಮುಂದಿನ ಬಿಳಿ ಲೈಟು, ಈಗ ಅದಕ್ಕೆ ದುಡ್ಡು ಸೇರಿಸುತ್ತಿದ್ದೇವೆ.

ಈ ರಸ್ತೆಗೆ ಏನು ಬೇಕು

ನನ್ನ ಅಭಿಪ್ರಾಯ ಸ್ಪಷ್ಟ. ಮುಂದೆ ರಿಂಗ್ ರೋಡಿಗೆ ಮತ್ತೆ ಸೈಕಲ್ ಲೇನ್ ಮಾಡುವುದಾದರೆ, ಎರಡೂ ಬದಿಯಲ್ಲಿ ಎರಡೂ ದಿಕ್ಕಿಗೆ ಹೋಗಿ ಬರುವಷ್ಟು ಅಗಲ ಇಟ್ಟೇ ಮಾಡಬೇಕು. ದಾಟಲು ಆಗದ ರಸ್ತೆಯ ಒಂದು ಬದಿಯಲ್ಲಿ ಒಂದೇ ದಿಕ್ಕಿನ ಲೇನ್ ಕೊಟ್ಟರೆ ಅರ್ಧ ಜನರನ್ನು ನಾವೇ ರಾಂಗ್ ಸೈಡಿಗೆ ದೂಡಿದ ಹಾಗೆ. ಎರಡು ದಿಕ್ಕಿನ ದಾರಿ ಅಂತ ನೆಲದ ಮೇಲೆ ಬಾಣ ಬರೆದು, ಪ್ರತಿ ಗೇಟಿನ ಬಾಯಿಯಲ್ಲೂ ರಸ್ತೆ ಎತ್ತರಿಸಿ, 'ಎರಡೂ ಕಡೆ ನೋಡಿ' ಅಂತ ಬೋರ್ಡ್ ಹಾಕಿದರೆ, ಆ ಹಾಸನದ ಹುಡುಗನೂ ಎಡಕ್ಕೆ ಒಮ್ಮೆ ಕುತ್ತಿಗೆ ತಿರುಗಿಸುತ್ತಿದ್ದ. ದುಡ್ಡು ಮೊದಲು ಬಾಯಿಗಳಿಗೆ ಹೋಗಬೇಕು. ಕಿಲೋಮೀಟರಿನ ಲೆಕ್ಕ ಆಮೇಲೆ ನೋಡಿಕೊಳ್ಳಬಹುದು.

ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗಲು ಗಾಡಿಗೆ ಸರಾಸರಿ 30 ನಿಮಿಷಕ್ಕಿಂತ ಜಾಸ್ತಿ ಬೇಕು. ಅಣ್ಣನಂಥವರ ಪ್ರಯಾಣ ಎರಡು ಮೂರು ಕಿಲೋಮೀಟರಿನದು. ಅಷ್ಟಕ್ಕೆ ಸೈಕಲ್ ಬಿಟ್ಟು ಎಲ್ಲರೂ ಕಂತಿನಲ್ಲಿ ಸ್ಕೂಟರ್ ತೆಗೆದುಕೊಂಡರೆ ಈ ರಸ್ತೆಯ ಗತಿ ಏನು? ತೆಗೆದುಕೊಳ್ಳುತ್ತಲೂ ಇದ್ದಾರೆ. ಅಣ್ಣನ ಜೊತೆಗಾರರಲ್ಲಿ ಇಬ್ಬರು ಅಪಘಾತದ ನಂತರ ಸೈಕಲ್ ಮಾರಿ ಹಳೇ ಸ್ಕೂಟರ್ ಕೊಂಡರು. ಸಂಬಳದ ದೊಡ್ಡ ಪಾಲು ಈಗ ಕಂತಿಗೆ, ಪೆಟ್ರೋಲಿಗೆ ಹೋಗುತ್ತಿದೆ.

ಮೆಟ್ರೋ ನೀಲಿ ಮಾರ್ಗದಲ್ಲಿ ಇಬ್ಬಲೂರು, ಬೆಳ್ಳಂದೂರು, ಕಾಡುಬೀಸನಹಳ್ಳಿ ಸ್ಟೇಷನ್‌ಗಳು ಬರುತ್ತಿವೆ. ಅವುಗಳಿಗೆ ಜನ ಎರಡೂ ಬದಿಯಿಂದ ಹತ್ತಿ ಇಳಿಯಬೇಕು. ಹಾಗೆ ಹತ್ತಿ ಇಳಿಯುವ ಸೇತುವೆಗಳ ಮೆಟ್ಟಿಲ ಅಂಚಿಗೆ ಚಕ್ರ ಉರುಳಿಸಿಕೊಂಡು ಹೋಗಲು ಒಂದು ಸ್ಟೀಲಿನ ಚಾನೆಲ್ ಕೂರಿಸಿದರೆ, ಟಿಕೆಟ್ ಇಲ್ಲದವರಿಗೂ ದಾಟಲು ಬಿಟ್ಟರೆ, ಸೈಕಲ್ ತಳ್ಳಿಕೊಂಡೇ ರಿಂಗ್ ರೋಡ್ ದಾಟಬಹುದು. ಇದನ್ನು ಕೇಳಿ ಬರೆಯುತ್ತಿರುವ ಮನವಿ ಅರ್ಧ ತಯಾರಾಗಿದೆ. ಹಿಂದಿನ ಗೇಟನ್ನು ರಾತ್ರಿ ಒಂಬತ್ತರವರೆಗೆ ತೆರೆದಿಡಿ ಅನ್ನುವ ಎರಡನೇ ಪತ್ರ ಮ್ಯಾನೇಜ್‌ಮೆಂಟಿನ ಮೇಜಿನ ಮೇಲಿದೆ. ಈ ಸಲ ಅದರಲ್ಲಿ ಮೊದಲ ಸಹಿ ಅಣ್ಣನದು.